ಝೋರ್ಕಿಗೆ ಒಂದು ಲೆನ್ಸ್

ಇದು ಉದ್ದದ ಪೋಸ್ಟ್. ಪುರುಸೊತ್ತು ಇದ್ದಾಗ ಓದಿ, ಇಲ್ಲದಿದ್ರೆ ದಾಟಿ ಹೋಗಿ, ಬೇಜಾರಿಲ್ಲ.

ಮೂರು ತಿಂಗಳಿಂದ ನಾನು ಒಂದು ಹಳೇ ಕ್ಯಾಮೆರಾಕ್ಕೆ ಕೈಗೆಟುಕುವ ಬೆಲೆಯ ಲೆನ್ಸ್ ಹುಡುಕ್ತಾ ಇದ್ದೆ. ಕೊನೆಗೆ 5,500 ರೂಪಾಯಿಗೆ ಒಂದು ಸಿಕ್ತು. ಸಂಘದ ಹಿರಿಯರೊಬ್ಬರು ಕೇಳಿದ್ರು, "ಆ ದುಡ್ಡಿಗೆ ಎಷ್ಟು ಆರ್‌ಟಿಐ ಅರ್ಜಿ ಹಾಕಬಹುದಿತ್ತು ಮಾರಾಯಾ?" ಅರ್ಜಿಗೆ ಹತ್ತು ರೂಪಾಯಿ ಲೆಕ್ಕದಲ್ಲಿ 550 ಅರ್ಜಿ ಅಂದೆ. ಅವರು ನಗಲಿಲ್ಲ. ಪ್ರಶ್ನೆ ಸರಿಯಾದದ್ದೇ. ನನ್ನ ಕೈಯ ದುಡ್ಡು, ಸಂಘದ್ದಲ್ಲ, ಆದ್ರೂ ಉತ್ತರ ಕೊಡಬೇಕು.

ಕ್ಯಾಮೆರಾ ಯಾವುದು ಅಂತ ಮೊದಲು ಹೇಳ್ತೇನೆ. ಝೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯದ್ದು. 1956ರಿಂದ 1973ರವರೆಗೆ 17 ಲಕ್ಷಕ್ಕೂ ಮೇಲೆ ತಯಾರಾದ ಮಾಡೆಲ್, ಹಾಗಾಗಿ ಅಪರೂಪದ್ದೇನೂ ಅಲ್ಲ. ಕಾರವಾರದ ನೌಕಾನೆಲೆಗೆ 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಹಡಗು ಬಂತಲ್ಲ, ಅದು ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ತಯಾರಾಗ್ತಾ ಇದ್ದಾಗ ಅಲ್ಲಿಗೆ ಹೋಗಿದ್ದ ಒಬ್ಬ ಟೆಕ್ನೀಷಿಯನ್ ಇದನ್ನ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದ. ರಿಟೈರ್ ಆಗಿ ಊರಿಗೆ ಹೊರಟಾಗ ನನಗೆ ಕೊಟ್ಟು ಹೋದ. ಬಾಡಿ ಗಟ್ಟಿ ಇತ್ತು. ಲೆನ್ಸ್ ಮಾತ್ರ ನಮ್ಮ ಕರಾವಳಿಯ ಏಳು ಮಳೆಗಾಲ ಕಪಾಟಿನಲ್ಲಿ ಕಳೆದು ಒಳಗೆಲ್ಲ ಫಂಗಸ್. ಬೆಳಕಿಗೆ ಹಿಡಿದ್ರೆ ಗಾಜಿನ ಮೇಲೆ ಜೇಡ ಬಲೆ ನೇಯ್ದ ಹಾಗೆ ಕಾಣ್ತಿತ್ತು.

ಮೊಬೈಲ್ ಇರುವಾಗ ಇದು ಎಂತಕ್ಕೆ ಅಂದ್ರೆ, ನಮ್ಮ ಆಗೇರ ಕೇರಿಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಮನೆಯವರು ಮೊದಲು ಹುಡುಕೂದು ಆಧಾರ್ ಕಾರ್ಡ್. ಸರ್ಕಾರಿ ಕೆಲಸಕ್ಕಲ್ಲ, ಹಾರ ಹಾಕುವ ಫೋಟೋಕ್ಕೆ. ಆ ಉಗುರಿನಷ್ಟು ಚಿತ್ರವನ್ನ ಸ್ಟುಡಿಯೋಕ್ಕೆ ಕೊಟ್ರೆ ಅವರು ಅದನ್ನ ಎಳೆದು ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ, ಗಂಡಸಾದ್ರೆ ಯಾರದೋ ಕೋಟು ಅಂಟಿಸಿ, ಮುಖ ಬೆಳ್ಳಗೆ ಮಾಡಿ ಫ್ರೇಮ್ ಹಾಕಿಕೊಡ್ತಾರೆ. ಎಂಬತ್ತು ವರ್ಷ ಬದುಕಿದ ಮನುಷ್ಯ ಗೋಡೆಯ ಮೇಲೆ ಉಳಿಯೂದು ಸರ್ಕಾರಿ ಕ್ಯಾಮೆರಾದ ಮುಂದೆ ಬೆದರಿ ಕೂತ ಎರಡು ಸೆಕೆಂಡಿನ ಮುಖವಾಗಿ, ಅದೂ ಬೇರೆ ಬಣ್ಣದಲ್ಲಿ. ಹೋದ ಆಷಾಢದಲ್ಲಿ ನಮ್ಮ ಕೇರಿಯ ಒಬ್ಬ ಅಜ್ಜ ಹೋದ. ಅವನ ಮೊಮ್ಮಗಳು ಫ್ರೇಮ್ ನೋಡಿ "ಇದು ನಮ್ಮಜ್ಜ ಅಲ್ಲ" ಅಂತ ಅತ್ತಳು. ಅವಳು ಹೇಳಿದ್ದು ಸರಿಯೇ ಇತ್ತು.

ನನ್ನ ಅಪ್ಪನದ್ದೂ ಇದೇ ಕತೆ. ಅಪ್ಪ ಕೈಗಾ ಅಣುಸ್ಥಾವರ ಕಟ್ಟುವಾಗ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕಾಂಕ್ರೀಟ್ ಕೆಲಸ ಮಾಡಿದವ. 1994ರ ಮೇ 13ರಂದು ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕಳಚಿ ಬಿತ್ತಲ್ಲ, ಆ ಕಾಲದವ. ಶಿವರಾಮ ಕಾರಂತರು ಕೈಗಾ ವಿರುದ್ಧ ಹೋರಾಡಿದ್ದು, ಸುಪ್ರೀಂ ಕೋರ್ಟಿಗೆ ಹೋದದ್ದು ಎಲ್ಲ ಚರಿತ್ರೆಯಲ್ಲಿ ಇದೆ. 2018ರಲ್ಲಿ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದೂ ಇದೆ. ಬೇಡ ಅಂದವರ ಫೋಟೋ ಇದೆ, ಬೇಕು ಅಂದವರ ಫೋಟೋ ಇದೆ. ಕಾಂಕ್ರೀಟ್ ಹೊತ್ತ ನನ್ನಪ್ಪನ ಪ್ರಾಯದ ಕಾಲದ ಒಂದೇ ಒಂದು ಫೋಟೋ ಅಂದ್ರೆ ಗೇಟ್ ಪಾಸಿನದ್ದು. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು, ಗಲ್ಲದ ಮೇಲೆ ಅರ್ಧ ರಬ್ಬರ್ ಸ್ಟಾಂಪ್.

ಗೇಟ್ ಪಾಸ್ ಅಂದಾಗ ಒಂದು ವಿಷಯ ನೆನಪಾಯ್ತು, ಇದನ್ನ ನಮ್ಮ ಹುಡುಗರು ತಿಳ್ಕೊಂಡಿರಬೇಕು. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಅನ್ನುವ ಇಬ್ಬರು ಕರಿಯ ನೌಕರರು ಆಫೀಸಿನಲ್ಲಿ ಒಂದು ಗುರುತಿನ ಚೀಟಿಯ ಮಾದರಿ ನೋಡಿದ್ರು. ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯದ್ದು. ತಾವು ಮಾಡುವ ಕ್ಯಾಮೆರಾ, ತಾವು ಮಾಡುವ ಫಿಲಂ ಅಲ್ಲಿನ ಕರಿಯರ ಪಾಸ್‌ಬುಕ್ಕಿಗೆ ಮುಖ ಅಂಟಿಸೂಕೆ ಹೋಗ್ತಿದೆ ಅಂತ ಆಗ ಗೊತ್ತಾಯ್ತು. ಆ ಪಾಸ್ ಇಲ್ಲದೆ ಕರಿಯರು ತಮ್ಮದೇ ದೇಶದಲ್ಲಿ ಓಡಾಡುವ ಹಾಗಿರಲಿಲ್ಲ. ಇಬ್ಬರೂ ಚಳವಳಿ ಕಟ್ಟಿದ್ರು, ಕೆಲಸ ಕಳಕೊಂಡ್ರು. 1977ರಲ್ಲಿ ಪೋಲರಾಯ್ಡ್ ಆ ದೇಶ ಬಿಟ್ಟು ಹೊರಬಂತು. ಅದೇ ದಕ್ಷಿಣ ಆಫ್ರಿಕಾದಲ್ಲಿ ಅರ್ನೆಸ್ಟ್ ಕೋಲ್ ಅನ್ನುವ ಕರಿಯ ಹುಡುಗ ಊಟದ ಪೊಟ್ಟಣದಲ್ಲಿ ಕ್ಯಾಮೆರಾ ಅಡಗಿಸಿಕೊಂಡು ಹೋಗಿ ಗಣಿ ಕಾರ್ಮಿಕರ ಫೋಟೋ ತೆಗೆದ, 1967ರಲ್ಲಿ ಅದು ಪುಸ್ತಕ ಆಯ್ತು. ಎರಡೂ ಕ್ಯಾಮೆರಾವೇ. ಯಾರ ಕೈಯಲ್ಲಿದೆ ಅನ್ನೋದಷ್ಟೇ ವ್ಯತ್ಯಾಸ.

ನಮ್ಮಲ್ಲೂ ಹಾಗೇ. 1857ರ ದಂಗೆ ಆದ ಮೇಲೆ ಬ್ರಿಟಿಷರು 1868ರಿಂದ 1875ರೊಳಗೆ ಎಂಟು ಸಂಪುಟಗಳಲ್ಲಿ ಈ ದೇಶದ ಜಾತಿ, ಬುಡಕಟ್ಟುಗಳ ಫೋಟೋ ಅಚ್ಚು ಹಾಕಿದ್ರು. ಒಂದೊಂದು ಮುಖ ಒಂದೊಂದು ಜಾತಿಯ ಸ್ಯಾಂಪಲ್. ಅದಕ್ಕೆ ಉಲ್ಟಾ ಅಂದ್ರೆ ಅಮೆರಿಕದ ಫ್ರೆಡರಿಕ್ ಡಗ್ಲಾಸ್. ಗುಲಾಮನಾಗಿ ಹುಟ್ಟಿದವ, ತಪ್ಪಿಸಿಕೊಂಡು ಬಂದು ತನ್ನ ಸುಮಾರು 160 ಫೋಟೋ ತೆಗೆಸಿಕೊಂಡ. 19ನೇ ಶತಮಾನದಲ್ಲಿ ಅಷ್ಟು ಫೋಟೋ ಆ ದೇಶದ ಮತ್ಯಾರದ್ದೂ ಇಲ್ಲ ಅಂತಾರೆ. ಹೆಚ್ಚಿನದರಲ್ಲಿ ನಗು ಇಲ್ಲ, ಒಳ್ಳೇ ಕೋಟು, ನೇರ ನೋಟ. ಹೇಗೆ ಕಾಣಬೇಕು ಅಂತ ತಾನೇ ತೀರ್ಮಾನ ಮಾಡಿದ. ಬಾಬಾಸಾಹೇಬರ ಸೂಟಿನ ಫೋಟೋ ನಮ್ಮ ಮನೆಗಳಲ್ಲಿ ಯಾಕೆ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಹೇಳಿ ಈಗ ಲೆನ್ಸಿಗೆ ಬರ್ತೇನೆ. ಕ್ಯಾಮೆರಾ ಹುಚ್ಚಿನವರು ಇಲ್ಲಿಂದ ಓದಬಹುದು, ಉಳಿದವರು ಸ್ವಲ್ಪ ತಾಳ್ಕೊಳ್ಳಿ.

ಝೋರ್ಕಿ ರೇಂಜ್‌ಫೈಂಡರ್ ಕ್ಯಾಮೆರಾ. ಇದರೊಳಗೆ ಕನ್ನಡಿ ಇಲ್ಲ, ಲೆನ್ಸ್ ಮೂಲಕ ನೋಡೂದೂ ಇಲ್ಲ. ಮೇಲಿನ ಒಂದು ಕಿಂಡಿಯಿಂದ ನೋಡಬೇಕು. ಕಿಂಡಿಯ ನಡುವೆ ಒಂದು ಸಣ್ಣ ಮಚ್ಚೆ, ಆ ಮಚ್ಚೆಯಲ್ಲಿ ಎದುರಿನವರ ಮುಖ ಎರಡಾಗಿ ಕಾಣ್ತದೆ. ಲೆನ್ಸ್ ತಿರುಗಿಸ್ತಾ ಹೋದ ಹಾಗೆ ಎರಡೂ ಮುಖ ಹತ್ತಿರ ಬಂದು ಒಂದಾಗ್ತವೆ. ಒಂದಾಯ್ತು ಅಂದ್ರೆ ದೂರ ಸರಿಯಾಗಿ ಅಳೆದಾಯ್ತು, ಒತ್ತಬಹುದು. ಹೆಸರಿನ ಅರ್ಥವೇ ದೂರ ಅಳೆಯುವ ಯಂತ್ರ. ಯಾವ ಜಾತಿಯವ ಯಾರಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು ಅಂತ ಲೆಕ್ಕ ಇಟ್ಟ ದೇಶದಲ್ಲಿ ಹುಟ್ಟಿದವನಿಗೆ ಈ ಯಂತ್ರ ಕೈಗೆ ಬಂದಾಗ ಒಂಥರಾ ಆಗ್ತದೆ, ಅಷ್ಟೇ ಹೇಳಿ ಮುಂದೆ ಹೋಗ್ತೇನೆ.

ಮೊದಲ ಪ್ರಶ್ನೆ: ಎಷ್ಟು ಮಿ.ಮೀ. ಲೆನ್ಸ್? ಝೋರ್ಕಿಯ ಬಾಯಿ 39 ಮಿ.ಮೀ. ತಿರುಪಿನದ್ದು, ಹಳೇ ಲೈಕಾದ್ದೇ ಅಳತೆ. ಹಾಗಾಗಿ ರಷ್ಯಾ, ಜಪಾನ್, ಜರ್ಮನಿ ಎಲ್ಲ ಕಡೆಯ ಹಳೇ ತಿರುಪಿನ ಲೆನ್ಸ್ ಕೂರ್ತದೆ. ರಷ್ಯಾದ್ದರಲ್ಲೇ 35 ಮಿ.ಮೀ.ಗೆ ಜುಪಿಟರ್-12, 85ಕ್ಕೆ ಜುಪಿಟರ್-9, 135ಕ್ಕೆ ಜುಪಿಟರ್-11 ಇವೆ. ಇದರಲ್ಲಿ 135 ಬಹಳ ಅಗ್ಗಕ್ಕೆ ಸಿಗ್ತದೆ, ಯಾರಿಗೂ ಬೇಡ. ಒಬ್ಬ ಗೆಳೆಯ ಹೇಳಿದ, "ಅದನ್ನೇ ತಕೋ, ದೂರದಿಂದ್ಲೇ ತೆಗೀಬಹುದು, ಜನ ಮುಜುಗರ ಪಡೂದಿಲ್ಲ." ನನಗೆ ಬೇಡ ಅನಿಸಿದ್ದು ಅದಕ್ಕೇ. ನಮ್ಮ ಕೇರಿಗೆ ಆಗಾಗ ಹವ್ಯಾಸಿ ಫೋಟೋಗ್ರಾಫರ್‌ಗಳು ಬರ್ತಾರೆ. ರಸ್ತೆಯಲ್ಲೇ ನಿಂತು, ಕೇರಿಯೊಳಗೆ ಕಾಲಿಡದೆ, ಮೊಳ ಉದ್ದದ ಲೆನ್ಸ್ ಹಾಕಿ ಬಟ್ಟೆ ಒಗೆಯುವ ಹೆಂಗಸರ ಫೋಟೋ ತೆಗೆದು "ಬದುಕು" ಅಂತ ಹೆಸರಿಟ್ಟು ಸ್ಪರ್ಧೆಗೆ ಕಳಿಸ್ತಾರೆ. ಬಹುಮಾನ ಬಂದದ್ದು ಆ ಹೆಂಗಸರಿಗೆ ಗೊತ್ತೇ ಆಗೂದಿಲ್ಲ. ಮತ್ತೊಂದು ಕಾರಣ ನಮ್ಮ ಕಾರವಾರ-ಅಂಕೋಲೆಯದ್ದೇ. ಒಂದು ಕಡೆ ನೌಕಾನೆಲೆ, ಒಂದು ಕಡೆ ಅಣುಸ್ಥಾವರ, ಎರಡೂ ಕಡೆ "ಫೋಟೋ ತೆಗೆಯುವುದು ನಿಷೇಧಿಸಿದೆ" ಬೋರ್ಡು. ಇಲ್ಲಿ ಉದ್ದ ಲೆನ್ಸ್ ಹಿಡಿದು ನಿಂತ ಕರೀ ಹುಡುಗನ ಹೆಸರು ಕೇಳಿದ ಮೇಲೆ ಪೊಲೀಸರು ಮುಂದಿನ ಪ್ರಶ್ನೆ ಏನು ಕೇಳ್ತಾರೆ ಅಂತ ನನಗೆ ಗೊತ್ತು. ಸ್ಥಾವರದ ಫೋಟೋ ನನಗೆ ಬೇಡವೇ ಬೇಡ. ಅದರ ಫೋಟೋ ಬೇಕಾದಷ್ಟು ಇದೆ.

35 ಮಿ.ಮೀ. ಆಸೆ ಇತ್ತು. ಸಣ್ಣ ಮನೆಯೊಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತ್ರೂ ನಾಲ್ಕು ಜನ ಹಿಡಿಸ್ತಾರೆ. ಆದ್ರೆ ಝೋರ್ಕಿ-4ರ ಕಿಂಡಿ 50ಕ್ಕೆ ಮಾತ್ರ ಮಾಡಿದ್ದು. 35 ಹಾಕಿದ್ರೆ ಎಷ್ಟು ಅಗಲ ಬರ್ತದೆ ಅಂತ ನೋಡೂಕೆ ತಲೆಯ ಮೇಲೆ ಬೇರೆ ವ್ಯೂಫೈಂಡರ್ ಸಿಕ್ಕಿಸಬೇಕು, ಅದಕ್ಕೆ ಬೇರೆ ದುಡ್ಡು. ಅಗ್ಗದ ಲೆನ್ಸ್ ಹುಡುಕುವವರು ಇದನ್ನ ಮರೀತಾರೆ. ಲೆನ್ಸಿನ ಬೆಲೆ ಮಾತ್ರ ನೋಡಿದ್ರೆ ಸಾಲದು, ಆ ಲೆನ್ಸ್ ಮತ್ತೇನೇನು ಬೇಡ್ತದೆ ಅನ್ನೋದನ್ನೂ ಕೂಡಿಸಬೇಕು.

ಹಾಗಾಗಿ 50. ರಷ್ಯಾದ 50ರ ಲೆನ್ಸುಗಳು ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗೂದಿಲ್ಲ. ಒಂದು ಮೀಟರ್ ಅಂದ್ರೆ ಚಹಾದ ಲೋಟ ಕೈಯಿಂದ ಕೈಗೆ ಕೊಡುವಷ್ಟು ದೂರ. ಅಷ್ಟು ಹತ್ತಿರ ನಿಂತು ಯಾರದ್ದೇ ಫೋಟೋ ಕೇಳದೆ ತೆಗೆಯೂಕೆ ಬರೂದಿಲ್ಲ.

ಎರಡನೇ ಪ್ರಶ್ನೆ ಎಫ್ ನಂಬರಿನದ್ದು. ಎಫ್/2 ಬೇಕಾ, ಎಫ್/2.8 ಸಾಕಾ? ಎಫ್/2.8ರ ಇಂಡಸ್ಟಾರ್-61 ಬಹಳ ಒಳ್ಳೇ ಲೆನ್ಸ್, ಲ್ಯಾಂಥನಂ ಗಾಜಿನದ್ದು, ಜುಪಿಟರ್‌ಗಿಂತ ಅಗ್ಗ, ಹಗಲಲ್ಲಿ ಜುಪಿಟರ್‌ಗಿಂತ ಚೂಪು. ಪರೀಕ್ಷೆ ಮಾಡುವವರು ಇಟ್ಟಿಗೆ ಗೋಡೆಯ ಫೋಟೋ ತೆಗೆದು ಮೂಲೆ ಮೂಲೆ ಹೋಲಿಸಿ ಅದನ್ನೇ ತಕೊಳ್ಳಿ ಅಂತಾರೆ. ಅವರ ಇಟ್ಟಿಗೆ ಗೋಡೆಗೆ ಬಿಸಿಲು ಚೆನ್ನಾಗಿ ಬೀಳ್ತದೆ. ನಮ್ಮ ಮನೆಗಳನ್ನ ನೋಡಿ. ಹೆಂಚಿನ ಮಾಡು, ಒಂದು ಬಾಗಿಲು, ಒಂದು ಕಿಟಕಿ, ಅದೃಷ್ಟ ಇದ್ರೆ ಮಾಡಿನಲ್ಲಿ ಒಂದು ಗಾಜಿನ ಹೆಂಚು. ಮಳೆಗಾಲದ ಮಧ್ಯಾಹ್ನ ಒಳಗೆ ಕೂತ ಅಜ್ಜಿಯ ಮುಖದ ಬೆಳಕು ಅಳೆದೆ: 400 ಸ್ಪೀಡಿನ ಫಿಲಂಗೆ ಎಫ್/2ರಲ್ಲಿ ಸೆಕೆಂಡಿನ 30ನೇ ಒಂದು ಭಾಗ. ಕ್ಯಾಮೆರಾದಲ್ಲಿ ಕನ್ನಡಿ ಬಡಿಯೂದಿಲ್ಲವಾದ್ರಿಂದ ಅಷ್ಟನ್ನ ಕೈಯಲ್ಲೇ ಹಿಡಿಯಬಹುದು. ಎಫ್/2.8 ಆದ್ರೆ ಅದು 15ನೇ ಒಂದು ಭಾಗ ಆಗ್ತದೆ. ನನ್ನ ಕೈ ನಡುಗದಿದ್ರೂ ಎಂಬತ್ತು ದಾಟಿದ ಅಜ್ಜಿಯ ತಲೆ ಸಣ್ಣಗೆ ಅಲ್ಲಾಡ್ತದೆ. ಆ ಒಂದು ಸ್ಟಾಪ್ ನಮ್ಮ ಕೇರಿಯಲ್ಲಿ ಮುಖ ಬಂತೋ ಇಲ್ಲವೋ ಅನ್ನುವ ವ್ಯತ್ಯಾಸ. ಫ್ಲಾಶ್ ಹಾಕಿ ಅಂತೀರಿ. ಫ್ಲಾಶ್ ಹಾಕಿದ್ರೆ ಮತ್ತೆ ಅದೇ ಆಧಾರ್ ಮುಖ.

ಕಪ್ಪು ಬಣ್ಣದ್ದೂ ಒಂದು ಲೆಕ್ಕ ಇದೆ. ಕೊಡಾಕ್ ಕಂಪನಿ ಬಣ್ಣದ ಪ್ರಿಂಟ್ ಸರಿ ಬಂದಿದೆಯಾ ಅಂತ ನೋಡೂಕೆ ಲ್ಯಾಬುಗಳಿಗೆ ಒಂದು ಕಾರ್ಡ್ ಕಳಿಸ್ತಿತ್ತು, ಅದರ ಮೇಲೆ ಬಿಳಿ ಹೆಂಗಸೊಬ್ಬಳ ಫೋಟೋ. "ಶರ್ಲಿ ಕಾರ್ಡ್" ಅಂತ ಹೆಸರು. ಅವಳ ಚರ್ಮ ಸರಿ ಬಂದ್ರೆ ಎಲ್ಲವೂ ಸರಿ. ಕರಿಯರ ಮುಖ ಮಸಿಯಾಗಿ ಬಂದ್ರೆ ಅದು ಕರಿಯರ ತೊಂದರೆ. ದಶಕಗಟ್ಟಲೆ ಹಾಗೇ ನಡೀತು. ಕೊನೆಗೆ ಕಂಪನಿಯ ಕಿವಿಗೆ ಬಿದ್ದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರ ದೂರು: ನಮ್ಮ ಸರಕಿನ ಕಂದು ಬಣ್ಣ ಸರಿ ಬರ್ತಿಲ್ಲ ಅಂತ. ಮನುಷ್ಯರಿಗಾಗಿ ಅಲ್ಲ, ಮೇಜಿಗಾಗಿ ಫಿಲಂ ಸುಧಾರಿಸ್ತು.

ನಾನು ಹಾಕೂದು ಕಪ್ಪು-ಬಿಳುಪು ಫಿಲಂ, ಅದರಲ್ಲಿ ಶರ್ಲಿ ಇಲ್ಲ. ಆದ್ರೆ ಮೀಟರ್ ಇದೆ. ಝೋರ್ಕಿ-4ರಲ್ಲಿ ಮೀಟರ್ ಇಲ್ಲ, ಮೊಬೈಲ್ ಆ್ಯಪ್‌ನಲ್ಲಿ ಅಳೀತೇನೆ. ಮೀಟರಿಗೆ ಜಗತ್ತೆಲ್ಲ ಬೂದು ಬಣ್ಣವೇ. ಬಾಗಿಲಿನ ಬೆಳಕು, ಸುಣ್ಣದ ಗೋಡೆ ಎಲ್ಲ ಸೇರಿಸಿ ಅಳೆದ್ರೆ ಕಪ್ಪು ಮುಖ ಕತ್ತಲೆಗೆ ಹೋಗ್ತದೆ. ಮುಖದ ಹತ್ತಿರ ಹೋಗಿ ಮುಖವನ್ನೇ ಅಳೆದು, ಅಲ್ಲಿಂದ ಒಂದು ಸ್ಟಾಪ್ ಕಡಿಮೆ ಕೊಟ್ರೆ ಕಪ್ಪು ಕಪ್ಪಾಗಿಯೇ ಉಳಿದು, ಕೆನ್ನೆಯ ಗೆರೆ, ಹಣೆಯ ಹೊಳಪು ಎಲ್ಲ ಬರ್ತದೆ. ಬಾಗಿಲು ಬೆಳ್ಳಗೆ ಸುಟ್ಟು ಹೋಗ್ಲಿ, ನಾನು ಬಾಗಿಲಿನ ಫೋಟೋ ತೆಗೀತಿಲ್ಲ.

ಸರಿ, ಎಫ್/2ರ 50 ಮಿ.ಮೀ. ತಿರುಪಿನ ಲೆನ್ಸ್. ಬಜೆಟ್ 6,000.

ಲೈಕಾದ ಮಾತೇ ಬೇಡ. ಹೊಸ ಸುಮ್ಮಿಕ್ರಾನ್‌ಗೆ ಎರಡು ಲಕ್ಷದ ಮೇಲೆ. ತಮಾಷೆ ಅಂದ್ರೆ 1950ರ ದಶಕದ ಶುರುವಿನ ಕೆಲವು ಸುಮ್ಮಿಕ್ರಾನ್‌ಗಳ ಗಾಜಿನಲ್ಲಿ ಥೋರಿಯಂ ಇತ್ತು, ಸ್ವಲ್ಪ ವಿಕಿರಣ ಸೂಸ್ತವೆ. ಕೈಗಾ ಪಕ್ಕ ಇದ್ದು ಅದೊಂದು ಬಾಕಿ ಇತ್ತು ನನಗೆ. ಈಗ ಚೀನಾದಿಂದ ಅಗ್ಗದ ರೇಂಜ್‌ಫೈಂಡರ್ ಲೆನ್ಸ್ ಬರ್ತವೆ, ಆದ್ರೆ ಹೆಚ್ಚಿನವು ಲೈಕಾ ಎಂ ಬಯೊನೆಟ್ಟಿನವು. ತಿರುಪಿನ ಲೆನ್ಸನ್ನ ಒಂದು ಮಿ.ಮೀ. ದಪ್ಪದ ಅಡಾಪ್ಟರ್ ಉಂಗುರ ಹಾಕಿ ಎಂ ಕ್ಯಾಮೆರಾಕ್ಕೆ ಕೂರಿಸಬಹುದು, ಎಂ ಲೆನ್ಸನ್ನ ತಿರುಪಿನ ಕ್ಯಾಮೆರಾಕ್ಕೆ ಕೂರಿಸೂಕೆ ಆಗೂದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಇದನ್ನ ನೋಡ್ಕೊಳ್ಳಿ.

ಮನಸ್ಸು ಎಳೆದದ್ದು ಕ್ಯಾನನ್‌ನ ಹಳೇ 50 ಎಫ್/1.8. ನಮ್ಮ ಬೌದ್ಧ ಗೆಳೆಯರಿಗಾಗಿ ಒಂದು ಮಾತು: ಕ್ಯಾನನ್ ಹೆಸರಿನ ಮೂಲ "ಕ್ವಾನನ್", ಅಂದ್ರೆ ಲೋಕದ ಅಳು ಕೇಳಿಸಿಕೊಳ್ಳುವ ಅವಲೋಕಿತೇಶ್ವರನಿಗೆ ಜಪಾನಿನವರು ಕೊಟ್ಟ ಹೆಸರು. 1934ರ ಮೊದಲ ಮಾದರಿ ಕ್ಯಾಮೆರಾಕ್ಕೆ ಆ ಹೆಸರು, ಲೆನ್ಸಿಗೆ ಬುದ್ಧನ ಶಿಷ್ಯ ಕಾಶ್ಯಪನ ಹೆಸರು ಇಟ್ಟಿದ್ರು. ಅದೂ ರೇಂಜ್‌ಫೈಂಡರೇ. ಹೆಸರು ಕೇಳಿ ಕರಗಿದೆ, ಬೆಲೆ ಕೇಳಿ ಗಟ್ಟಿಯಾದೆ. ಒಳ್ಳೇದಕ್ಕೆ ಹದಿನೈದು ಸಾವಿರ ಹೇಳ್ತಾರೆ. ಅಗ್ಗಕ್ಕೆ ಬಂದ್ರೆ ಒಳಗಿನ ಒಂದು ಗಾಜಿನ ಮೇಲೆ ಒರೆಸಿದ್ರೂ ಹೋಗದ ಮಂಜು ಇರ್ತದೆ, ಆ ಲೆನ್ಸಿಗೆ ಅದು ಹುಟ್ಟುರೋಗ.

ಉಳಿದದ್ದು ಜುಪಿಟರ್-8, ಝೋರ್ಕಿ-4ಕ್ಕೆ ಕಾರ್ಖಾನೆಯಿಂದಲೇ ಬರುತ್ತಿದ್ದ ಲೆನ್ಸ್. ಇದರ ವಿನ್ಯಾಸ ರಷ್ಯಾದ್ದಲ್ಲ. ಜರ್ಮನಿಯ ಜೈಸ್ ಕಂಪನಿಗೆ ಲುಡ್ವಿಗ್ ಬೆರ್ಟೆಲೆ 1930ರ ದಶಕದಲ್ಲಿ ಮಾಡಿಕೊಟ್ಟ ಸೊನ್ನಾರ್. ಹಿಟ್ಲರ್ ಸೋತ ಮೇಲೆ ಯುದ್ಧ ಪರಿಹಾರದ ಲೆಕ್ಕದಲ್ಲಿ ಅದು ರಷ್ಯಾಕ್ಕೆ ಹೋಯ್ತು. ಲೈಕಾ ಇಟ್ಟುಕೊಂಡ ಕೆಲವರು ಜುಪಿಟರ್ ಫೋಕಸ್ ತಪ್ಪು ಅಂತ ಬಯ್ತಾರೆ. ಲೆನ್ಸಿನ ತಪ್ಪಲ್ಲ. ಲೈಕಾದವರ ಅಳತೆ ಬೇರೆ, ರಷ್ಯಾದವರ ಅಳತೆ ಬೇರೆ, ಹಾಗಾಗಿ ಲೈಕಾ ಮೇಲೆ ಹತ್ತಿರದ ಮುಖಕ್ಕೆ ಸ್ವಲ್ಪ ಆಚೀಚೆ ಆಗ್ತದೆ. ಝೋರ್ಕಿ ಮೇಲೆ ಅದು ತನ್ನ ಮನೆಯಲ್ಲೇ ಇರ್ತದೆ. ದುಬಾರಿ ಕ್ಯಾಮೆರಾಕ್ಕೆ ಹೊಂದದ ಅಗ್ಗದ ಲೆನ್ಸ್ ಅಗ್ಗದ ಕ್ಯಾಮೆರಾಕ್ಕೆ ಸರಿಯಾಗಿ ಹೊಂದುವ ಒಂದು ಅಪರೂಪದ ಪ್ರಕರಣ.

ಈ ಲೆನ್ಸುಗಳನ್ನ ಆನ್‌ಲೈನ್‌ನಲ್ಲಿ ಮಾರುವವರಲ್ಲಿ ಬಹಳ ಜನ ಉಕ್ರೇನಿನವರು. ಖಾರ್ಕಿವ್ ಊರಿನ ಒಬ್ಬನ ಹತ್ತಿರ ಒಂದು ನೋಡಿಟ್ಟಿದ್ದೆ. 2022ರ ಫೆಬ್ರವರಿಯಿಂದ ಬಾಂಬ್ ತಿನ್ನುತ್ತಿರುವ ಊರು ಅದು. ಝೋರ್ಕಿಯ ಅಜ್ಜನ ಮನೆಯೂ ಅದೇ. ಕ್ರಾಂತಿ, ಅಂತರ್ಯುದ್ಧ, ಬರದಲ್ಲಿ ತಂದೆತಾಯಿ ಕಳಕೊಂಡು ಬೀದಿಗೆ ಬಿದ್ದ ಮಕ್ಕಳಿಗಾಗಿ ಖಾರ್ಕಿವ್‌ನಲ್ಲಿ ಒಂದು ಕಮ್ಯೂನ್ ಇತ್ತು, ಶಿಕ್ಷಣತಜ್ಞ ಮಕರೆಂಕೊ ನಡೆಸುತ್ತಿದ್ದದ್ದು. ಬಿಡಿ ಬಿಡಿಯಾಗಿ ಲೈಕಾವನ್ನ ಬಿಚ್ಚಿ, ಕಲಿತು, 1934ರಿಂದ ಅಲ್ಲಿ ಕ್ಯಾಮೆರಾ ತಯಾರಿ ಶುರುವಾಯ್ತು. ಹೆಸರು ಫೆಡ್. ಅನಾಥ ಹುಡುಗ ಹುಡುಗಿಯರ ಕೈ ಕೆಲಸ. ಹೆಸರು ಮಾತ್ರ ರಹಸ್ಯ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿಯ ಇನಿಷಿಯಲ್ಲು. ಮಕ್ಕಳು ದುಡಿದದ್ದು, ಹೆಸರು ಸಾಹೇಬರದ್ದು, ಇದು ಎಲ್ಲ ದೇಶದಲ್ಲೂ ಒಂದೇ. ಯುದ್ಧದ ನಂತರ ಕ್ರಾಸ್ನೊಗೊರ್ಸ್ಕ್‌ನಲ್ಲಿ ಆ ಫೆಡ್ ಮಾದರಿಯಲ್ಲೇ ಮೊದಲ ಝೋರ್ಕಿ ಮಾಡಿದ್ರು. ಖಾರ್ಕಿವ್‌ನವನಿಗೆ ಬರೆದೆ. ಪಾರ್ಸೆಲ್ ಖರ್ಚು, ಇಲ್ಲಿನ ಕಸ್ಟಮ್ಸ್ ಎಲ್ಲ ಸೇರಿದ್ರೆ ಬಜೆಟ್ ದಾಟ್ತಿತ್ತು. "ಬೇಡ ಅಣ್ಣ, ಹುಷಾರಾಗಿರಿ" ಅಂದೆ. "ನೀವೂ" ಅಂತ ಉತ್ತರ ಬಂತು.

ಕೊನೆಗೆ ಸಿಕ್ಕಿದ್ದು ಮುಂಬೈಯಲ್ಲಿ. ಚಿಕ್ಕಪ್ಪನ ಮಗ ಅಲ್ಲಿ ಡ್ರೈವರ್. ಅವನನ್ನ ಫೋರ್ಟ್ ಕಡೆಯ ಒಂದು ಹಳೇ ಕ್ಯಾಮೆರಾ ಅಂಗಡಿಗೆ ಕಳಿಸಿ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಹಳೇ ಲೆನ್ಸ್ ಕೊಳ್ಳುವವರು ಮಾಡಬೇಕಾದ್ದು ಇಷ್ಟು: ಹಿಂದಿನಿಂದ ಟಾರ್ಚ್ ಬಿಡಿ, ಮುಂದಿನಿಂದ ನೋಡಿ. ಧೂಳಿದ್ರೆ ಪರವಾಗಿಲ್ಲ. ಗಾಜಿನ ಮೇಲೆ ಸಣ್ಣ ಗೀರಿದ್ರೂ ಪರವಾಗಿಲ್ಲ, ಬೆಲೆ ಇಳಿಸೂಕೆ ಒಳ್ಳೇದು. ಬೇರು ಬಿಟ್ಟ ಹಾಗೆ ಕಂಡ್ರೆ ಫಂಗಸ್, ಬೇಡ. ಇಡೀ ಗಾಜು ಹಾಲು ಹಾಕಿದ ಹಾಗೆ ಕಂಡ್ರೆ ಮಂಜು, ಬೇಡ. ಫೋಕಸ್ ಉಂಗುರ ಪೂರ್ತಿ ತಿರುಗಿಸಿ ನೋಡಿ, ಗ್ರೀಸ್ ಒಣಗಿ ಬಿಗಿಯಾಗಿದ್ರೆ ರಿಪೇರಿ ಖರ್ಚು ಇದೆ ಅಂತ ಲೆಕ್ಕ. ಜುಪಿಟರ್-8ರ ಅಪರ್ಚರ್ ಉಂಗುರ ಟಕ್ ಟಕ್ ಅಂತ ನಿಲ್ಲೂದಿಲ್ಲ, ಜಾರ್ತಾ ಇರ್ತದೆ, ಅದು ಹಾಳಾದದ್ದಲ್ಲ, ಮಾಡಿದ್ದೇ ಹಾಗೆ. ತಮ್ಮ ಟಾರ್ಚ್ ಹಿಡಿದ, ನಾನು ಇಲ್ಲಿಂದ "ತಿರುಗ್ಸು, ಇನ್ನೂ ತಿರುಗ್ಸು" ಅಂತಿದ್ದೆ. ಅಂಗಡಿಯ ಮುದುಕ 7,500 ಹೇಳಿದ್ದು ಮುಂದಿನ ಗಾಜಿನ ಎರಡು ಗೀರು ತೋರಿಸಿದ ಮೇಲೆ 5,500ಕ್ಕೆ ಬಂತು. ತಮ್ಮ ಊರಿಗೆ ಬರುವಾಗ ಕೊಂಕಣ ರೈಲಿನಲ್ಲಿ ಅದನ್ನ ಕಾಲುಚೀಲದಲ್ಲಿ ಸುತ್ತಿ ತಂದ.

ಬಂದ ದಿನವೇ ಪರೀಕ್ಷೆ ಮಾಡಿದೆ. ಕ್ಯಾಮೆರಾದ ಹಿಂಭಾಗ ಕಳಚಿ, ಫಿಲಂ ಕೂರುವ ಚೌಕಕ್ಕೆ ಮಂಕು ಬಣ್ಣದ ಟೇಪ್ ಬಿಗಿಯಾಗಿ ಅಂಟಿಸಿ, ಶಟರನ್ನ ಬಿ ಮೇಲೆ ತೆರೆದಿಟ್ರೆ ಟೇಪಿನ ಮೇಲೆ ಚಿತ್ರ ತಲೆಕೆಳಗಾಗಿ ಮೂಡ್ತದೆ. ಗೋಡೆಯ ಮೇಲೆ ಬಾಬಾಸಾಹೇಬರ ಕ್ಯಾಲೆಂಡರ್ ಇತ್ತು. ಟೈಲರ್ ಟೇಪಿನಲ್ಲಿ ಒಂದು ಮೀಟರ್ ಅಳೆದು, ಅವರ ಕನ್ನಡಕದ ಫ್ರೇಮಿಗೆ ರೇಂಜ್‌ಫೈಂಡರ್ ಕೂಡಿಸಿ, ಹಿಂದೆ ಭೂತಗನ್ನಡಿ ಹಿಡಿದು ನೋಡಿದೆ. ಎಫ್/2ರಲ್ಲಿ ಅಷ್ಟು ಹತ್ತಿರ ಸ್ಪಷ್ಟವಾಗಿ ಬರುವ ಆಳ ಸುಮಾರು ಐದು ಸೆಂ.ಮೀ. ಮಾತ್ರ, ಕಣ್ಣು ಸಿಕ್ಕಿದ್ರೆ ಕಿವಿ ಸಿಗೂದಿಲ್ಲ. ಕನ್ನಡಕ ಸಿಕ್ಕಿತು.

ಮಳೆಗಾಲದಲ್ಲಿ ಇಟ್ಟುಕೊಳ್ಳೂದು ಬೇರೆ ಕತೆ. ನಮ್ಮಲ್ಲಿ ಏನೇ ಒಣಗಿಸಬೇಕಾದ್ರೂ ಒಲೆಯ ಮೇಲಿನ ಅಟ್ಟ. ಮುರುಗಲ ಸಿಪ್ಪೆ, ಒಣಮೀನು ಎಲ್ಲ ಅಲ್ಲೇ. ಅವ್ವಿ ಲೆನ್ಸನ್ನೂ ಅಲ್ಲಿಡು ಅಂದಳು. ಮಸಿ ಹಿಡೀತದೆ ಅಂತ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ. ಜೆಲ್ ಬಣ್ಣ ಬದಲಾದ್ರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕೂದು. ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸೂದು ಎಲ್ಲಕ್ಕಿಂತ ಒಳ್ಳೇ ಔಷಧ. ಕೈಗಾ ಹತ್ತಿರ ಫಿಲಂ ಇಟ್ರೆ ವಿಕಿರಣಕ್ಕೆ ಮಂಜಾಗೂದಿಲ್ವಾ ಅಂತ ಇಬ್ಬರು ಕೇಳಿದ್ರು. ಪ್ರಶ್ನೆ ಪೆದ್ದಲ್ಲ, 1896ರಲ್ಲಿ ಬೆಕೆರೆಲ್ ವಿಕಿರಣ ಪತ್ತೆ ಮಾಡಿದ್ದೇ ಮುಚ್ಚಿಟ್ಟ ಫೋಟೋ ಪ್ಲೇಟ್ ಕಪ್ಪಾದದ್ದರಿಂದ. ಆದ್ರೆ ನನ್ನ ರೋಲುಗಳನ್ನ ಈವರೆಗೆ ಹಾಳು ಮಾಡಿದ್ದು ಸೆಕೆ ಮತ್ತು ತೇವ ಮಾತ್ರ.

ಮೊದಲ ರೋಲಿನ ಮೊದಲ ಮುಖ ಕೇರಿಯ ತುದಿಮನೆ ಅಜ್ಜಿಯದ್ದು. ಪ್ರಾಯದಲ್ಲಿ ಉಪ್ಪಿನಾಗರದಲ್ಲಿ ದುಡಿದವಳು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು, ಊರಿಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂತು, ಮುಂದಾಳುಗಳ ಫೋಟೋ ನಾವೆಲ್ಲ ನೋಡಿದ್ದೇವೆ. ದಿನಾ ಉಪ್ಪು ಕೆರೆದವರ ಒಂದು ಫೋಟೋ ನಾನು ಈವರೆಗೆ ಕಂಡಿಲ್ಲ.

"ಎಂತಕ್ಕೆ ತಮಾ, ಆಧಾರಿಗಾ?" ಅಂದಳು.

"ಅಲ್ಲ ಅಜ್ಜಿ, ನಿಮ್ಮ ಮನೆಗೇ."

ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ನಾನು ಗಾಜಿನ ಹೆಂಚಿನ ಕೆಳಗೆ ಚಾಪೆ ಹಾಸಿದ್ದೆ, ಬೆಳಕು ಅಲ್ಲಿ ಚೆನ್ನಾಗಿತ್ತು. ಅವಳು ಚಾಪೆ ನೋಡಿ, "ನೆಲದ ಮೇಲೆ ಸಾಕಷ್ಟು ಕೂತಾಯ್ತು, ಕುರ್ಚಿ ತಾ" ಅಂದಳು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದೆ. ಕೈ ತೊಡೆಯ ಮೇಲಿಟ್ಟು ನೇರ ಕೂತಳು. ನಗಲಿಲ್ಲ, ನಗಿ ಅಂತ ನಾನೂ ಹೇಳಲಿಲ್ಲ. ಒಂದು ಮೀಟರಿನಲ್ಲಿ ಮಂಡಿಯೂರಿ ಕೂತು, ಎರಡು ಅಜ್ಜಿಯರು ಒಂದಾಗುವವರೆಗೆ ಉಂಗುರ ತಿರುಗಿಸಿದೆ. ಆರು ಫ್ರೇಮ್. ರೋಲ್ ಒಂದಕ್ಕೆ ಎಂಟುನೂರರ ಆಸುಪಾಸು, ಅದಕ್ಕಿಂತ ಹೆಚ್ಚು ಆಗೂದಿಲ್ಲ.

ಡೆವಲಪ್ ಮನೆಯಲ್ಲೇ. ಡಿ-76 ದ್ರಾವಣ 20 ಡಿಗ್ರಿಯಲ್ಲಿ ಇರಬೇಕು, ನಮ್ಮ ನಲ್ಲಿ ನೀರೇ 28. ಮೀನು ಮಾರ್ಕೆಟಿನಿಂದ ಐಸ್ ತಂದು ಬಕೆಟಿಗೆ ಹಾಕಿ ಬಾಟಲಿ ಅದರಲ್ಲಿ ಇಳಿಸಿದೆ. ಇಡೀ ಕೋಣೆ ಬಂಗಡೆ ವಾಸನೆ. ನೆಗೆಟಿವ್ ಒಣಗಿದ ಮೇಲೆ ಮೊಬೈಲಿನಲ್ಲಿ ಕಾಪಿ ಮಾಡಿ ಪ್ರಿಂಟಿಗೆ ಒಂದು ಸ್ಟುಡಿಯೋಕ್ಕೆ ಕೊಟ್ಟೆ, "ಬೆಳ್ಳಗೆ ಮಾಡಬೇಡಿ" ಅಂತ ಎರಡು ಸಲ ಹೇಳಿ. ಆದ್ರೂ ಬೆಳ್ಳಗೆ ಮಾಡಿದ್ರು, ಅಭ್ಯಾಸಬಲ. ಎದುರಿಗೆ ಕೂತು ಮತ್ತೊಮ್ಮೆ ಮಾಡಿಸಿದೆ.

ಅಂಚುಗಳು ಮೆತ್ತಗಿವೆ, ಬಾಗಿಲು ಬೆಳಕಲ್ಲಿ ಕರಗಿದೆ, ಇಟ್ಟಿಗೆ ಗೋಡೆಯವರು ಇದನ್ನ ಫೇಲ್ ಮಾಡ್ತಾರೆ. ಕಣ್ಣು ಮಾತ್ರ ನೇರ ಇದೆ. ಕೆನ್ನೆಯ ಒಂದೊಂದು ಗೆರೆ ಇದೆ.

ಅಜ್ಜಿ ಪ್ರಿಂಟನ್ನ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಾ ಇಷ್ಟು ಕಪ್ಪಾ?" ಅಂದಳು. ನಾನು ಏನು ಹೇಳೂದು ಅಂತ ಯೋಚಿಸುವಷ್ಟರಲ್ಲಿ, "ಹೌದು, ಹಿಂಗೇ ಇದ್ದೆ" ಅಂತ ಅವಳೇ ಹೇಳಿ ಗೋಡೆಯಲ್ಲಿ ಮೊಳೆ ಹುಡುಕಿದಳು.

ಅಂಕೋಲೆಯ ನಮ್ಮ ಕೇರಿ ಮತ್ತು ಮಲ್ಲಾಪುರ, ಕದ್ರಾ ಕಡೆಯ ಕೂಲಿ ಕುಟುಂಬಗಳು ಸೇರಿ ಎಪ್ಪತ್ತು ದಾಟಿದವರ 41 ಹೆಸರಿನ ಪಟ್ಟಿ ಮಾಡಿದ್ದೇನೆ. ಒಂಬತ್ತು ಜನರದ್ದು ಮುಗಿದಿದೆ. 2019ರ ಆಗಸ್ಟಿನಲ್ಲಿ ಕದ್ರಾ ಡ್ಯಾಮಿನ ಗೇಟ್ ತೆರೆದಾಗ ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿ ಇದ್ದ ಒಂದೆರಡು ಫೋಟೋಗಳೂ ಹೋದವು, ಹಾಗಾಗಿ ಪ್ರಿಂಟ್ ಅವರ ಮನೆಯಲ್ಲಿ, ನೆಗೆಟಿವ್ ನನ್ನ ಹತ್ತಿರ ಎತ್ತರದಲ್ಲಿ. ಮುಂದಿನ ಭಾನುವಾರ ಕದ್ರಾಕ್ಕೆ ಹೋಗ್ತೇನೆ, ಬರುವವರು ಬನ್ನಿ, ಕುರ್ಚಿ ಹೊರೂಕೆ ಒಬ್ಬರು ಬೇಕು. ಯಾರ ಮನೆಯಲ್ಲಾದ್ರೂ ಹಳೇ ಡೆವಲಪಿಂಗ್ ಟ್ಯಾಂಕ್, 40.5 ಮಿ.ಮೀ. ಲೆನ್ಸ್ ಹುಡ್ ಬಿದ್ದಿದ್ರೆ ಮೆಸೇಜ್ ಮಾಡಿ. ಟ್ಯಾಂಕಿಗೆ ಫಂಗಸ್ ಹಿಡಿದಿದ್ರೂ ನಡೀತದೆ, ತೊಳ್ಕೊಳ್ತೇನೆ.

ಜೈಭೀಮ್.